ಖಾಕಿಯ ಜಾಡು ಹಿಡಿದು ಮದ್ದೂರಿನಿಂದ ಮೈಸೂರಿಗೆ

ಶುಕ್ರವಾರ: ಮದ್ದೂರು

ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮೈಸೂರಿಗೆ ಹೋಗುವ ಕಾರುಗಳು ಮದ್ದೂರಿಗೆ ಇಳಿಯುವುದೇ ಇಲ್ಲ. ರೈಲಿನಲ್ಲಿ ಬಂದರೆ ಮಾತ್ರ ಊರು, ವಡೆ ಎರಡೂ ಸಿಗುತ್ತವೆ. ಬೆಳಗಿನ ಗಾಡಿಗೆ ಬಂದಿಳಿದೆ. ಮಾವ ಆಗಲೇ ಪ್ಲಾಟ್‌ಫಾರಂನಲ್ಲಿ ನಿಂತಿದ್ದರು, ಕೈಯಲ್ಲಿ ಪೇಪರ್ ಸುತ್ತಿದ ವಡೆ ಪೊಟ್ಟಣ.

ಮಾವ ಅಂದರೆ ಅಮ್ಮನ ತಮ್ಮ. ಪೇದೆ, ಅಂದರೆ ಪಿ.ಸಿ. ಆಗಿ ಪೊಲೀಸ್ ಇಲಾಖೆ ಸೇರಿ, ದಫೇದಾರರಾಗಿ, ಎ.ಎಸ್.ಐ. ಆಗಿ ನಿವೃತ್ತರಾದವರು. ಸರ್ವಿಸ್ ಎಲ್ಲಾ ಮಂಡ್ಯ, ಮೈಸೂರು ಕಡೆಯೇ. ಈ ಪೊಲೀಸ್ ವ್ಯವಸ್ಥೆ ನಮ್ಮ ಕಡೆಗೆ ಎಲ್ಲಿಂದ ಬಂತು, ಯಾರು ತಂದರು ಅಂತ ನಾನು ಕೆಲವು ತಿಂಗಳಿಂದ ಓದುತ್ತಿದ್ದೆ. ಓದಿದ್ದನ್ನು ಜಾಗಕ್ಕೆ ಹೋಗಿ ನೋಡುವ ಆಸೆ. ಫೋನಿನಲ್ಲಿ ಹೇಳಿದಾಗ ಮಾವ ಜೋರಾಗಿ ನಕ್ಕಿದ್ದರು. "ಅಲ್ಲ ಕಣ್ ಮಗ, ಸ್ಟೇಷನ್ ಕಂಡ್ರೆ ಜನ ರಸ್ತೆ ದಾಟಿ ಆ ಕಡೆಯಿಂದ ಹೋಯ್ತಾರೆ. ನೀನ್ ಟೂರ್ ಮಾಡ್ತೀನಿ ಅಂತೀಯಲ್ಲ!" ಆದರೂ ಬರ್ತೀನಿ ಅಂದರು. ಮನೇಲಿ ಕೂತು ಬೇಜಾರಾಗಿತ್ತಂತೆ.

ಮೊದಲು ಹೋಗಿದ್ದು ಶಿವಪುರದ ಸತ್ಯಾಗ್ರಹ ಸೌಧಕ್ಕೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ ಇಲ್ಲಿ ತನ್ನ ಅಧಿವೇಶನ ಮಾಡಿತು. ತ್ರಿವರ್ಣ ಧ್ವಜ ಹಾರಿಸಬಾರದು ಅಂತ ಸಂಸ್ಥಾನದ ಸರ್ಕಾರದ ಆದೇಶವಿತ್ತು. ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆ. ಧ್ವಜ ಹಾರಿತು, ನಾಯಕರ ಬಂಧನವೂ ಆಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಮೇಲೆ ಸರ್ದಾರ್ ಪಟೇಲ್ ಮತ್ತು ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವೆ ಒಪ್ಪಂದವಾಗಿ, ಮೈಸೂರಿನ ಬಾವುಟದ ಜೊತೆ ಕಾಂಗ್ರೆಸ್ ಬಾವುಟ ಹಾರಿಸಲು ಒಪ್ಪಿಗೆ ಸಿಕ್ಕಿತು.

ಶಾಲೆಯಲ್ಲಿ ಇದನ್ನೆಲ್ಲ ನಾಯಕರ ಕಡೆಯಿಂದ ಓದಿದ್ದೇವೆ. ಮಾವನಿಗೆ ಬೇರೆಯದೇ ಯೋಚನೆ. ಸೌಧದ ಮೆಟ್ಟಿಲ ಮೇಲೆ ಕೂತು ಕೇಳಿದರು, "ಆವತ್ತು ಲಾಠಿ ಹಿಡ್ಕಂಡು ಸಾಲಾಗಿ ನಿಂತಿದ್ರಲ್ಲ, ಅವರು ಯಾರ ಮಕ್ಳು? ಇಲ್ಲೇ ಅಕ್ಕಪಕ್ಕದ ಊರಿನ ರೈತರ ಮಕ್ಳು ತಾನೇ? ಅವರಲ್ಲೂ ಯಾರಿಗೋ ಬಾವುಟ ಹಾರ್ಲಿ ಅಂತ ಅನ್ಸಿರ್ತದೆ. ಆದ್ರೆ ಆರ್ಡರ್ ಬಂದದೆ. ಏನ್ ಮಾಡ್ತಾನೆ?"

ಪ್ರಶ್ನೆ ಚೆನ್ನಾಗಿದೆ ಅಲ್ವಾ? ಮೇಲಿನವರ ಆರ್ಡರ್ ಒಂದು ಕಡೆ, ಊರಿನವರ ಮುಖ ಒಂದು ಕಡೆ. ಪೊಲೀಸಿನವನು ಯಾವ ಕಡೆ ನೋಡಬೇಕು? ನನ್ನ ಓದಿನ ತುಂಬಾ ಇದೇ ಪ್ರಶ್ನೆ ಬೇರೆ ಬೇರೆ ಊರು, ಬೇರೆ ಬೇರೆ ಇಸವಿಯಲ್ಲಿ ಎದುರಾಗಿತ್ತು.

ಸಂಜೆ ಮಂಡ್ಯದಲ್ಲಿ ಮಾವನ ಮನೆ. ಅತ್ತೆ ಮುದ್ದೆ, ಹುರುಳಿಕಾಳು ಬಸ್ಸಾರು ಮಾಡಿದ್ದರು. ಊಟ ಆದ ಮೇಲೆ ಮಾತು ಮುತ್ತಾತನ ಕಡೆಗೆ ತಿರುಗಿತು. ಅಮ್ಮನ ತವರಿನವರು ಮೊದಲು ಊರ ತಳವಾರಿಕೆ ಮಾಡುತ್ತಿದ್ದರು. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಅಂತ ಊರಿನ ಕೆಲಸಗಾರರ ಪಟ್ಟಿ ಇರುತ್ತಿತ್ತಲ್ಲ, ಆ ಕಾಲ. ತಳವಾರನ ಕೆಲಸ ರಾತ್ರಿ ಗಸ್ತು, ಕಳ್ಳನ ಹೆಜ್ಜೆ ಜಾಡು ಹಿಡಿಯೋದು, ಊರಿಗೆ ಬಂದ ಹೊಸ ಮುಖ ಯಾರದು ಅಂತ ವಿಚಾರಿಸೋದು, ಕಂದಾಯದ ದುಡ್ಡು ಕಸಬಾಕ್ಕೆ ಹೋಗುವಾಗ ಜೊತೆಗೆ ಕಾವಲು ಹೋಗೋದು. ಸಂಬಳ ಇಲ್ಲ. ಇನಾಮಿನ ಒಂದಿಷ್ಟು ಜಮೀನು, ಸುಗ್ಗಿಯಲ್ಲಿ ಕಣದ ಹತ್ತಿರ ಹೋದರೆ ಒಂದಿಷ್ಟು ಕಾಳು.

ನಾನು ಇದನ್ನು ಸ್ವಲ್ಪ ಉಬ್ಬಿಸಿಯೇ ಮಾತಾಡಿದೆ ಅನ್ನಿ. ಊರಿನವನೇ ಊರು ಕಾಯ್ತಿದ್ದ, ಎಲ್ಲರಿಗೂ ಗೊತ್ತಿದ್ದವನು, ಅದಕ್ಕಿಂತ ಒಳ್ಳೆ ಪೊಲೀಸ್ ಉಂಟಾ ಅಂತ. ಮಾವ ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೇಳಿದರು. ಆಮೇಲೆ ಅಂದರು, "ಕಳ್ಳತನ ಆಗಿ ಮಾಲು ಸಿಕ್ಲಿಲ್ಲ ಅಂದ್ರೆ ಮೊದ್ಲು ಏಟು ಬೀಳ್ತಿದ್ದಿದ್ದು ತಳವಾರಂಗೆ. ಹೋದ ಮಾಲಿಗೂ ಅವನೇ ತಲೆ ಕೊಡಬೇಕು. ಪಟೇಲ್ರ ಮನೆ ಜಗಲಿ ಮೇಲೆ ಕೂರಂಗಿಲ್ಲ. ಊರ್ಗೆಲ್ಲ ಗೊತ್ತಿದ್ದ, ಸರಿ. ಊರು ಅವನನ್ನ ಎಲ್ಲಿ ಇಟ್ಟಿತ್ತು ಅಂತಾನೂ ಬರಿ."

ಬರೆದಿದ್ದೇನೆ. ತೋಟಿ, ತಳವಾರರಲ್ಲಿ ಬಹಳ ಜನ ಊರ ಹೊರಗಿನ ಕೇರಿಯವರು. ವಂಶಪಾರಂಪರ್ಯದ ಈ ಊರ ಉದ್ಯೋಗಗಳನ್ನು ರದ್ದು ಮಾಡಲು 1961ರಲ್ಲಿ ಕಾಯ್ದೆ ಬಂತು. ಇನಾಮು ಜಮೀನಿನ ವ್ಯಾಜ್ಯ ಮಾತ್ರ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಓಡುತ್ತಲೇ ಇದೆ. ತಾತನ ಕಾಲಕ್ಕೆ ತಳವಾರಿಕೆ ಹೋಯಿತು, ಮಗ ಖಾಕಿ ಹಾಕಿದ. "ಸಂಬಳ ಬತ್ತಿತ್ತು, ಕುರ್ಚಿ ಕೊಟ್ರು. ನಂಗೆ ಅದೇ ದೊಡ್ಡ ರಿಫಾರಂ" ಅಂದರು ಮಾವ.

ಶನಿವಾರ: ಶ್ರೀರಂಗಪಟ್ಟಣ

ಬೆಳಿಗ್ಗೆ ಬಸ್ಸಿನಲ್ಲಿ ಶ್ರೀರಂಗಪಟ್ಟಣ. ದೇವಸ್ಥಾನದ ಕಡೆ ಭಕ್ತರು, ದರಿಯಾ ದೌಲತ್ ಕಡೆ ಶಾಲಾ ಮಕ್ಕಳ ಬಸ್ಸು. ನಮಗೆ ಬೇಕಿದ್ದು ಕೋಟೆ. ಬೈಲಿಯ ಸೆರೆಮನೆಗೆ ಇಳಿದು ನೋಡಿದೆವು. ಗೋಡೆಗೆ ಹುದುಗಿಸಿದ ಕಲ್ಲುಗಳು, ಕಲ್ಲಿನಲ್ಲಿ ಕೈ ಕಟ್ಟಲು ತೂತುಗಳು. ಯುದ್ಧದಲ್ಲಿ ಸೆರೆಸಿಕ್ಕ ಕರ್ನಲ್ ಬೈಲಿ 1782ರಲ್ಲಿ ಇಲ್ಲೇ ಸತ್ತ. ಮಾವ ಒಂದು ತೂತಿಗೆ ಬೆರಳು ಹಾಕಿ ನೋಡಿ, "ನಮ್ ಲಾಕಪ್‌ನಲ್ಲಿ ಫ್ಯಾನ್ ಇಲ್ಲ ಅಂತ ಕಂಪ್ಲೇಂಟ್ ಮಾಡೋರು" ಅಂದರು.

ಪೊಲೀಸ್ ಕಥೆಗೆ ಈ ಊರು ಯಾಕೆ ಮುಖ್ಯ ಅಂದರೆ, ಹಳೇ ಮೈಸೂರಿನ ಕಾವಲು ವ್ಯವಸ್ಥೆ ಇಲ್ಲಿಂದಲೇ ನಡೆಯುತ್ತಿತ್ತು. ಚಿಕ್ಕದೇವರಾಜ ಒಡೆಯರು (1673–1704) ಆಡಳಿತವನ್ನು ಹದಿನೆಂಟು ಇಲಾಖೆ ಮಾಡಿ ಅಠಾರ ಕಚೇರಿ ಕಟ್ಟಿದರು. ಅದರಲ್ಲಿ ಕಂದಾಚಾರ ಒಂದು. ಕಂದಾಚಾರದ ಜವಾನರು ಪೂರ್ತಿ ಸೈನಿಕರೂ ಅಲ್ಲ, ಪೂರ್ತಿ ಪೊಲೀಸರೂ ಅಲ್ಲ. ಕೋಟೆ ಕಾವಲು, ಖಜಾನೆ ಬೆಂಗಾವಲು, ಕಂದಾಯ ವಸೂಲಿಗೆ ಬೆದರಿಕೆ, ಕಳ್ಳರ ಬೇಟೆ, ಎಲ್ಲಕ್ಕೂ ಅವರೇ. ಬಿಡುವಿದ್ದಾಗ ಸ್ವಂತ ಹೊಲದಲ್ಲಿ ಉಳುಮೆ. ಅಂಚೆಯೂ ಅಷ್ಟೇ: ಕಾಗದ ಹೊತ್ತು ಓಡುವವರೇ ದಾರಿಯ ಸುದ್ದಿಯನ್ನೂ ಅರಮನೆಗೆ ಮುಟ್ಟಿಸುತ್ತಿದ್ದರು. ಹೈದರನ ಕಾಲದಲ್ಲಿ ಇದು ಜೋರಾಗಿತ್ತು.

1799ರ ಮೇ 4ಕ್ಕೆ ಟಿಪ್ಪು ಬಿದ್ದ. ದಿವಾನ್ ಪೂರ್ಣಯ್ಯ ಕಂದಾಚಾರವನ್ನು ಉಳಿಸಿಕೊಂಡರು. ಸೈನ್ಯ ಕರಗಿದ ಮೇಲೆ ಕೈಯಲ್ಲಿ ಕತ್ತಿ ಇದ್ದ ಸಾವಿರಾರು ಜನರಿಗೆ ಏನಾದರೂ ಕೆಲಸ ಕೊಡಬೇಕಲ್ಲ? ಶಿವಮೊಗ್ಗ ಕಡೆಯ ನಗರ ಸೀಮೆಯಲ್ಲಿ ಎದ್ದ ದಂಗೆಯ ನಂತರ 1831ರಲ್ಲಿ ಬ್ರಿಟಿಷರು ಆಡಳಿತ ಕೈಗೆ ತೆಗೆದುಕೊಂಡರು. 1834ರಿಂದ 1861ರ ತನಕ ಮಾರ್ಕ್ ಕಬ್ಬನ್ ಕಮಿಷನರ್. ಅವನೂ ಹಳೇ ಏರ್ಪಾಡನ್ನು ಹೆಚ್ಚು ಕೆದಕಲಿಲ್ಲ. ತಾಲ್ಲೂಕಿಗೆ ಅಮಲ್ದಾರ, ಅವನ ಕೆಳಗೆ ಕಂದಾಚಾರದವರು. ಅಂದರೆ ಕಂದಾಯ ಕೇಳುವವನೂ ಅವನೇ, ಕೊಡದವನನ್ನು ಹಿಡಿದು ತರಿಸುವವನೂ ಅವನೇ.

ಇದರ ಅಪಾಯ ಎಂಥದ್ದು ಅನ್ನೋದು ಪಕ್ಕದ ಮದ್ರಾಸಿನಲ್ಲಿ ಬಯಲಾಯಿತು. 1855ರಲ್ಲಿ ಅಲ್ಲಿ ಚಿತ್ರಹಿಂಸೆಯ ಬಗ್ಗೆ ವಿಚಾರಣೆ ಮಾಡಲು ಆಯೋಗ ಕೂತಿತು. ಜನ ಮೈಲಿಗಟ್ಟಲೆ ನಡೆದು ಬಂದು ಸಾಕ್ಷಿ ಹೇಳಿದರು. ಕಂದಾಯ ಬಾಕಿಗೆ, ತಪ್ಪೊಪ್ಪಿಗೆಗೆ ಮಾಡುತ್ತಿದ್ದದ್ದು ಒಂದೇ ರೀತಿ: ಬೆರಳು ಅದುಮುವ ಮರದ ಇಕ್ಕಳ, ಮೈ ಬಗ್ಗಿಸಿ ಕಾಲ್ಬೆರಳಿಗೆ ಕತ್ತು ಕಟ್ಟಿ ಬಿಸಿಲಿಗೆ ನಿಲ್ಲಿಸೋದು. ಎರಡು ಕೆಲಸ ಒಬ್ಬನ ಕೈಯಲ್ಲಿ ಇರಬಾರದು ಅನ್ನೋದು ಆಯೋಗದ ವರದಿಯಿಂದ ಸ್ಪಷ್ಟವಾಯಿತು. 1859ರಲ್ಲಿ ಮದ್ರಾಸಿಗೆ ಪೊಲೀಸ್ ಕಾಯ್ದೆ ಬಂತು. ಅಷ್ಟರಲ್ಲಿ 1857ರ ಬಂಡಾಯ ಆಗಿಹೋಗಿತ್ತು. ಬ್ರಿಟಿಷರಿಗೆ ನಂಬಿಕಸ್ತ ಪಡೆ ಬೇಕಾಗಿತ್ತು. 1860ರ ಪೊಲೀಸ್ ಆಯೋಗ, ಅದರ ಹಿಂದೆಯೇ 1861ರ ಪೊಲೀಸ್ ಕಾಯ್ದೆ.

ನೀರುಬಾಗಿಲ ಹತ್ತಿರ ಕೋಟೆ ಗೋಡೆ ನೆರಳಲ್ಲಿ ಕೂತು ಇದನ್ನು ಮಾವನಿಗೆ ಹೇಳುತ್ತಿದ್ದೆ. "ಟ್ರೈನಿಂಗಲ್ಲಿ ಲಂಡನ್ ಪೊಲೀಸ್ ಕಥೆ ಹೇಳಿದ್ರು ಕಣಪ್ಪ, ಯಾವನೋ ರಾಬರ್ಟ್ ಪೀಲ್ ಅಂತ" ಅಂದರು.

ಪೀಲ್ ಹೆಸರು ಎಲ್ಲಾ ಕಡೆ ಬರುತ್ತೆ. 1829ರ ಕಾಯ್ದೆ, ಸೆಪ್ಟೆಂಬರ್ 29ಕ್ಕೆ ಲಂಡನ್ ಬೀದಿಯಲ್ಲಿ ಮೊದಲ ಗಸ್ತು. ಸೈನ್ಯದ ಕೆಂಪು ಬಣ್ಣ ಬೇಡ ಅಂತ ನೀಲಿ ಕೋಟು. ಬಂದೂಕು ಇಲ್ಲ, ಒಂದು ಮರದ ದೊಣ್ಣೆ ಅಷ್ಟೇ. ಜನರ ಒಪ್ಪಿಗೆ ಇದ್ದರೇ ಪೊಲೀಸ್ ಅನ್ನುವ ಒಂಬತ್ತು ತತ್ವಗಳನ್ನು ಅವನ ಹೆಸರಿಗೆ ಹಚ್ಚುತ್ತಾರೆ. ಅವನೇನೂ ಹಾಗೆ ಪಟ್ಟಿ ಬರೆದಿಟ್ಟಿರಲಿಲ್ಲ. ಮೊದಲ ಕಮಿಷನರ್‌ಗಳಾದ ರೋವನ್ ಮತ್ತು ಮೇನ್ ಹೊರಡಿಸಿದ ಸೂಚನೆಗಳನ್ನು ಇಟ್ಟುಕೊಂಡು 20ನೇ ಶತಮಾನದಲ್ಲಿ ಚಾರ್ಲ್ಸ್ ರೀತ್ ಅನ್ನುವ ಇತಿಹಾಸಕಾರ ಜೋಡಿಸಿದ ಪಟ್ಟಿ ಅದು. ಇನ್ನು ಲಂಡನ್ನಿನ 1ನೇ ನಂಬರ್ ಕಾನ್‌ಸ್ಟೆಬಲ್ ವಿಲಿಯಂ ಅಟ್ಕಿನ್‌ಸನ್ ಕುಡಿದು ಡ್ಯೂಟಿಗೆ ಬಂದು ಮೊದಲ ದಿನವೇ ಡಿಸ್ಮಿಸ್ ಆದ. ಇದನ್ನು ಕೇಳಿ ಮಾವ ತೊಡೆ ತಟ್ಟಿಕೊಂಡು ನಕ್ಕರು. "ಒಂದನೇ ನಂಬರ್ರೇ ಹಂಗಾ!"

ಆದರೆ ನಮಗೆ ಬಂದಿದ್ದು ಲಂಡನ್ನಿನ ಈ ದೊಣ್ಣೆ ಪೊಲೀಸ್ ಅಲ್ಲ. ಇದೇ ಪೀಲ್ 1814ರಲ್ಲಿ, ಐರ್ಲೆಂಡಿನಲ್ಲಿ ಅಧಿಕಾರಿಯಾಗಿದ್ದಾಗ, ಅಲ್ಲಿನ ಗಲಾಟೆ ಅಡಗಿಸಲು ಬೇರೆ ಒಂದು ಪಡೆ ಮಾಡಿದ್ದ. ಮುಂದೆ ಅದರ ಜಾಗಕ್ಕೆ ಐರಿಷ್ ಕಾನ್‌ಸ್ಟ್ಯಾಬ್ಯುಲರಿ ಬಂತು. ಕೈಯಲ್ಲಿ ಬಂದೂಕು, ವಾಸಕ್ಕೆ ಬ್ಯಾರಕ್, ಸ್ವಂತ ಜಿಲ್ಲೆಯಲ್ಲಿ ಪೋಸ್ಟಿಂಗ್ ಇಲ್ಲ. ಆಳುವವರು ಬೇರೆ, ಜನ ಬೇರೆ ಆಗಿರುವ ದೇಶಕ್ಕೆ ಹೊಲಿದ ಅಂಗಿ ಅದು. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಅದೇ ಅಳತೆಯಲ್ಲಿ ಅಲ್ಲಿ ಪೊಲೀಸ್ ಕಟ್ಟಿದ. ಸಿಂಧ್‌ನಿಂದ ಉಳಿದ ಪ್ರಾಂತ್ಯಗಳಿಗೆ. 1861ರ ಕಾಯ್ದೆಯಲ್ಲಿ ಪೊಲೀಸ್ ಯಾರಿಗೆ ಉತ್ತರ ಹೇಳಬೇಕು ಅಂತ ನೋಡಿದರೆ ಮೇಲೆ ಮೇಲೆ ಹೋಗುತ್ತೆ: ಜಿಲ್ಲೆಯಲ್ಲಿ ಮ್ಯಾಜಿಸ್ಟ್ರೇಟ್, ಅದರ ಮೇಲೆ ಪ್ರಾಂತ್ಯದ ಸರ್ಕಾರ. ಊರಿನ ಕಡೆಗೆ ಒಂದು ದಾರಿಯೂ ಇಲ್ಲ.

ಕಂದಾಚಾರವೂ ಮೇಲಕ್ಕೇ ನೋಡುತ್ತಿತ್ತು ಅನ್ನೋದು ನಿಜ. ಹಾಗಾಗಿ ಬ್ರಿಟಿಷರು ಬಂದು ಕೆಡಿಸಿದರು ಅಂತ ಪೂರ್ತಿ ಹೇಳಲಾಗೋದಿಲ್ಲ. ಮೈಸೂರಿನಲ್ಲಿ ಹೊಸ ಮಾದರಿಯ ಪೊಲೀಸ್ ನಿಧಾನವಾಗಿ, ಕಬ್ಬನ್ ನಂತರ ಕಮಿಷನರ್ ಆದ ಬೌರಿಂಗ್ ಕಾಲದಿಂದ ಬೆಳೆಯಿತು. 1881ರಲ್ಲಿ ರಾಜ್ಯ ಮತ್ತೆ ಒಡೆಯರಿಗೆ ಬಂತು. 1885ರಲ್ಲಿ ಎಲ್. ರಿಕೆಟ್ಸ್ ಇನ್‌ಸ್ಪೆಕ್ಟರ್ ಜನರಲ್ ಆದರು. ರಾಜರು ನಮ್ಮವರು, ಪೊಲೀಸ್ ಅಚ್ಚು ಬ್ರಿಟಿಷರದು.

ಮಧ್ಯಾಹ್ನ ಗಂಜಾಂ ಕಡೆ ನಡೆದೆವು. ನಿಮಿಷಾಂಬ ದೇವಸ್ಥಾನಕ್ಕೆ ಹೋಗುವವರ ದಟ್ಟಣೆ. 1898ರಲ್ಲಿ, ಪ್ಲೇಗ್ ಕಾಲದಲ್ಲಿ, ಇಲ್ಲಿ ದೊಡ್ಡ ಗಲಭೆ ಆಗಿತ್ತು. ಮನೆ ಖಾಲಿ ಮಾಡಿಸೋದು, ರೋಗಿಗಳನ್ನು ಎಳೆದೊಯ್ಯೋದು, ಶೆಡ್ಡಿಗೆ ಹಾಕೋದು, ಇದಕ್ಕೆಲ್ಲ ಪೊಲೀಸರನ್ನು ಮುಂದೆ ಬಿಟ್ಟಿದ್ದರು. ಜನ ತಿರುಗಿಬಿದ್ದರು. ಮಾವನಿಗೆ ಕೊರೋನಾ ನೆನಪಾಯಿತು. ಲಾಕ್‌ಡೌನ್‌ನಲ್ಲಿ ಚೆಕ್‌ಪೋಸ್ಟ್‌ನಲ್ಲಿ ನಿಂತು ಹೊಲಕ್ಕೆ ಹೊರಟವರನ್ನು ವಾಪಸ್ ಕಳಿಸಿದ್ದು. "ಡಾಕ್ಟ್ರು ಮಾಡೋ ಕೆಲಸಕ್ಕೂ ನಾವೇ, ಕಂದಾಯದೋರ ಕೆಲಸಕ್ಕೂ ನಾವೇ. ಬೈಸ್ಕೊಳೋಕ್ಕೆ ಮಾತ್ರ ಪೂರ್ತಿ ನಾವೇ."

ಭಾನುವಾರ: ಮೈಸೂರು

ಮೈಸೂರಿನಲ್ಲಿ ಮೊದಲು ರಾಮಸ್ವಾಮಿ ವೃತ್ತ. ದಿನಾ ಸಾವಿರ ಸ್ಕೂಟರ್ ತಿರುಗುವ ಜಾಗ. 1947ರ ಆಗಸ್ಟ್ 15 ಕಳೆದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಮೈಸೂರು ಚಲೋ ಚಳವಳಿ ಶುರುವಾಯಿತು. ಸೆಪ್ಟೆಂಬರ್‌ನಲ್ಲಿ ಇಲ್ಲೇ ರಾಮಸ್ವಾಮಿ ಅನ್ನುವ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಸರ್ಕಾರ ಬಂತು. ದೆಹಲಿಯಲ್ಲಿ ಬಾವುಟ ಬದಲಾದ ಮೇಲೂ ಇಲ್ಲಿ ಗುಂಡು ಹಾರಿದ್ದು ನೋಡಿದರೆ, ಹಳೇ ಆರ್ಡರಿಗೆ ಎಷ್ಟು ದಿನ ಆಯುಸ್ಸು ಅಂತ ಗೊತ್ತಾಗುತ್ತೆ.

ಅಲ್ಲಿಂದ ಸಯ್ಯಾಜಿರಾವ್ ರಸ್ತೆಯಲ್ಲಿ ನಡೆದು ದೇವರಾಜ ಮಾರುಕಟ್ಟೆ, ಹಾಗೇ ಮಂಡಿ ಮೊಹಲ್ಲಾ ಕಡೆ. ಠಾಣೆಗಳ ಬೋರ್ಡು ನೋಡುತ್ತಾ ಹೋದರೆ ಹಳೇ ಮೈಸೂರಿನ ನಕ್ಷೆಯೇ ಸಿಗುತ್ತೆ: ದೇವರಾಜ, ಲಷ್ಕರ್, ಮಂಡಿ, ನಜರ್‌ಬಾದ್. ಮಾರುಕಟ್ಟೆ ಮುಂದೆ ಟ್ರಾಫಿಕ್ ನೋಡುತ್ತಿದ್ದ ಪಿ.ಸಿ. ತಲೆಯಲ್ಲಿ ಹೊಸ ಕಡುನೀಲಿ ಟೋಪಿ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಪೇದೆಗಳ ಅಗಲ ಅಂಚಿನ ಸ್ಲೋಚ್ ಹ್ಯಾಟ್‌ಗೆ ವಿದಾಯ ಹೇಳಿ ಇದನ್ನು ಕೊಟ್ಟರು. ಮಾವ ಹತ್ತಿರ ಹೋಗಿ, ಪರಿಚಯ ಹೇಳಿಕೊಂಡು, ಟೋಪಿ ಕೇಳಿ ಕೈಯಲ್ಲಿ ಹಿಡಿದು ಒಳಗೆ ಬೆರಳಾಡಿಸಿ ನೋಡಿದರು. ಹಗುರ ಇದೆ, ಗಾಳಿಗೆ ಹಾರಲ್ಲ. "ನಮ್ದು ಓಡಬೇಕಾದ್ರೆ ಒಂದು ಕೈಲಿ ಟೋಪಿ ಹಿಡ್ಕೊಬೇಕು, ಇನ್ನೊಂದು ಕೈಲಿ ಲಾಠಿ. ಕಳ್ಳನ್ನ ಯಾವ ಕೈಲಿ ಹಿಡೀಲಿ?" ಆ ಹುಡುಗ ನಕ್ಕ. ಹಳೇ ಟೋಪಿ ಮಳೆಯಲ್ಲಿ ನೆಂದರೆ ದಪ್ಪ ಕಂಬಳಿ ತಲೆ ಮೇಲೆ ಇಟ್ಟ ಹಾಗಾಗುತ್ತಿತ್ತಂತೆ.

ಜ್ಯೋತಿನಗರದ ಡಿ.ಎ.ಆರ್. (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಮೈದಾನದ ಆಸುಪಾಸು ಸ್ವಲ್ಪ ಹೊತ್ತು. ಒಳಗೆ ಹೋಗಲಿಲ್ಲ, ಹೊರಗಿಂದಲೇ ನೋಡಿದೆವು. ಪೊಲೀಸರಲ್ಲಿ ಸಿವಿಲ್, ರಿಸರ್ವ್ ಅಂತ ಎರಡು ಪಂಗಡ ಇರೋದು ಜಾಸ್ತಿ ಜನಕ್ಕೆ ಗೊತ್ತಿರೋದಿಲ್ಲ. ಠಾಣೆಯಲ್ಲಿ ದೂರು ಬರೆದುಕೊಳ್ಳೋದು, ಮಹಜರು ಮಾಡೋದು, ಸಮನ್ಸ್ ಕೊಡೋದು ಸಿವಿಲ್. ಕವಾಯತು, ಬೆಂಗಾವಲು, ಗಲಭೆಗೆ ಓಡೋದು ರಿಸರ್ವ್. ಐರ್ಲೆಂಡಿನ ಬ್ಯಾರಕ್ಕು ಇವತ್ತಿಗೂ ಎದ್ದು ಕಾಣುವುದು ಈ ಎರಡನೇ ಕಡೆಯಲ್ಲಿ.

ಮೈಸೂರಿನವರಿಗೆ ಪೊಲೀಸ್ ಅಂದರೆ ಮಾತ್ರ ಇನ್ನೊಂದು ಚಿತ್ರ ಇದೆ, ದಸರಾದ್ದು. ಕುದುರೆ ಪಡೆ, ಬ್ಯಾಂಡು, ಬನ್ನಿಮಂಟಪದ ಪಂಜಿನ ಕವಾಯತು. ಜಂಬೂಸವಾರಿ ದಿನದ 21 ಕುಶಾಲತೋಪು ಹಾರಿಸೋದು ಸಿ.ಎ.ಆರ್., ಅಂದರೆ ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರೇ. ಏಳು ಫಿರಂಗಿ, ಮೂರು ಸುತ್ತು. ಮಾವ ಒಂದು ವರ್ಷ ಆ ತಾಲೀಮಿನ ಬಂದೋಬಸ್ತಿನಲ್ಲಿದ್ದರು. ಮದ್ದಿನ ಗಂಟನ್ನು ನಳಿಗೆಗೆ ತುರುಕಿ, ಉದ್ದ ಕೋಲಿನಿಂದ ಒತ್ತಿ, ಬೆಂಕಿ ಮುಟ್ಟಿಸಿ ಹಿಂದೆ ಸರಿಯಬೇಕು. ಒಂದು ಗುಂಡಾದ ತಕ್ಷಣ ಕೋಲಿನ ತುದಿಗೆ ಸುತ್ತಿದ ಒದ್ದೆ ಬಟ್ಟೆಯಿಂದ ನಳಿಗೆ ಒಳಗೆಲ್ಲ ಒರೆಸಬೇಕು. ಒಂದು ಕಿಡಿ ಉಳಿದಿದ್ದರೂ ಮುಂದಿನ ಮದ್ದು ಕೈಯಲ್ಲೇ ಹೊತ್ತಿಕೊಳ್ಳುತ್ತೆ. ಆನೆ, ಕುದುರೆಗಳನ್ನು ಪಕ್ಕದಲ್ಲಿ ನಿಲ್ಲಿಸಿ ಸದ್ದಿಗೆ ಒಗ್ಗಿಸುತ್ತಾರೆ. ಬಂದೋಬಸ್ತಿಗೆ ಹೊರಜಿಲ್ಲೆಯಿಂದ ಬಂದವರನ್ನು ಯಾರೂ ಒಗ್ಗಿಸಲ್ಲ ಅಂತ ಮಾವನ ದೂರು. ಶಾಲೆಯ ನೆಲದ ಮೇಲೆ ಮಲಗಿ, ಆರಿದ ಪಲಾವ್ ಪೊಟ್ಟಣ ತಿಂದು, ಹಗಲೆಲ್ಲ ನಿಂತು, ಕೊನೆಗೆ ಅಂಬಾರಿ ಹೋಗುವಾಗ ಜನರ ಕಡೆ ಮುಖ ಮಾಡಿ ನಿಲ್ಲಬೇಕು. ಅಷ್ಟು ವರ್ಷ ದಸರಾ ಡ್ಯೂಟಿ ಮಾಡಿದ ಮಾವ ಚಿನ್ನದ ಅಂಬಾರಿಯನ್ನು ಸರಿಯಾಗಿ ನೋಡಿದ್ದು ಟಿವಿಯಲ್ಲಿ.

ಊಟಕ್ಕೆ ಕೂತಾಗ 1908ರ ವಿಷಯ ತೆಗೆದೆ. ಆ ವರ್ಷ ಮೈಸೂರು ಸಂಸ್ಥಾನಕ್ಕೆ ತನ್ನದೇ ಪೊಲೀಸ್ ಕಾಯ್ದೆ ಬಂತು. ಆಗ ದಿವಾನರು ವಿ.ಪಿ. ಮಾಧವರಾವ್. ಅವರು ಹಿಂದೆ ಪೊಲೀಸ್ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು, ಪ್ಲೇಗ್ ಕಮಿಷನರ್ ಕೂಡ ಆಗಿದ್ದವರು. ಅದೇ ವರ್ಷ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನೂ ಬಂತು. ತಾತಯ್ಯ ಅಂತ ಮೈಸೂರಿನವರು ಕರೆಯುವ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಒಳ್ಳೇ ಆಡಳಿತಗಾರ ಅಂತ ಹೆಸರಿದ್ದವರ ಕೈಯಿಂದಲೇ ಎರಡೂ ಬಂದವು ಅನ್ನೋದನ್ನು ನಾನು ಸಣ್ಣ ವಿಷಯ ಅಂತ ಬಿಡಲಾರೆ. ಏಕೀಕರಣದ ನಂತರ 1963ರ ಕಾಯ್ದೆ ಬಂದು ಹಳೆಯದನ್ನು ರದ್ದು ಮಾಡಿತು. ಅದು ಜಾರಿಯಾದದ್ದು 1965ರ ಏಪ್ರಿಲ್ 2. ಅದಕ್ಕೇ ರಾಜ್ಯದಲ್ಲಿ ಆ ದಿನ ಪೊಲೀಸ್ ಧ್ವಜ ದಿನ.

ಸಂಜೆ ಅರಮನೆ ದೀಪ. ಭಾನುವಾರ ಅಲ್ವಾ, ಜನವೋ ಜನ. ಪ್ಯಾರಿಸ್‌ನಲ್ಲಿ 1667ರಲ್ಲಿ ಲಾ ರೆನಿ ಅನ್ನುವವನನ್ನು ಪೊಲೀಸ್ ಮುಖ್ಯಸ್ಥನನ್ನಾಗಿ ಮಾಡಿದಾಗ ಅವನು ಮೊದಲು ಮಾಡಿಸಿದ ಕೆಲಸಗಳಲ್ಲಿ ಬೀದಿಗೆ ದೀಪ ಹಾಕಿಸಿದ್ದೂ ಒಂದು. ಮಾವನಿಗೆ ಇದು ಬಹಳ ಹಿಡಿಸಿತು. ಮಂಡ್ಯದಲ್ಲಿ ರಾತ್ರಿ ಬೀಟ್ ಮಾಡುವಾಗ ಒಂದು ಬೀದಿದೀಪ ಕೆಟ್ಟರೂ ಪುರಸಭೆಗೆ ಬರೆಯುತ್ತಿದ್ದರಂತೆ. ಬೀಟ್ ಅಂದರೆ ಆಗ ಪಾಯಿಂಟ್ ಪುಸ್ತಕ. ಬ್ಯಾಂಕಿನ ಬಾಗಿಲು, ದೇವಸ್ಥಾನದ ಗೋಡೆ, ಸಾಹುಕಾರರ ಮನೆ ಗೇಟು, ಇಲ್ಲೆಲ್ಲ ತಗಡಿನ ಡಬ್ಬಿಯಲ್ಲಿ ಒಂದು ನೋಟ್‌ಬುಕ್. ಗಸ್ತಿನವನು ಬಂದ ಸಮಯ ಬರೆದು ಸಹಿ ಹಾಕಬೇಕು. ಬೆಳಗಿನ ಜಾವ ಎಸ್.ಐ. ಬಂದು ನೋಡಿದರೆ ಸಹಿ ಇರಬೇಕು. "ಒಂದೇ ಸಲಕ್ಕೆ ಮೂರು ಟೈಮ್ ಬರ್ದು ಮಲಗೋರೂ ಇದ್ರು" ಅಂದರು ಮಾವ, ತಮ್ಮ ಹೆಸರು ಸೇರಿಸದೆ. ಈಗ ಮೊಬೈಲ್ ತೋರಿಸಿ ಸ್ಕ್ಯಾನ್ ಮಾಡಿದರೆ ಜಾಗ, ಸಮಯ ಎರಡೂ ದಾಖಲಾಗುತ್ತೆ.

ಸೋಮವಾರ: ಕೌಟಿಲ್ಯ ವೃತ್ತ

ಕೊನೆಯ ದಿನಕ್ಕೆ ಪ್ರಾಚ್ಯವಿದ್ಯಾ ಸಂಶೋಧನಾಲಯ. ಭಾನುವಾರ ಮುಚ್ಚಿರುತ್ತೆ, ಅದಕ್ಕೇ ಸೋಮವಾರಕ್ಕೆ ಇಟ್ಟುಕೊಂಡಿದ್ದು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥ ಲಿಪಿಯ ಓಲೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇದೆ ಅಂತ 1905ರಲ್ಲಿ ಗುರುತಿಸಿದವರು ಇಲ್ಲಿನ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಪ್ರಕಟಿಸಿದರು. ಅಲ್ಲಿಯ ತನಕ ಆ ಪುಸ್ತಕ ಇತ್ತು ಅಂತ ಹೆಸರು ಕೇಳಿದ್ದವರೇ ಹೊರತು ಓದಿದವರಿರಲಿಲ್ಲ. ಒಳಗೆ ಹೋದರೆ ಓಲೆಗರಿಗೆ ಸವರುವ ಎಣ್ಣೆಯ ವಾಸನೆ, ಹುಳ ಹಿಡಿಯದಿರಲಿ ಅಂತ. ಮಾವ ಮೂಗು ಅರಳಿಸಿ, "ನಿಂಬೆಹುಲ್ಲು" ಅಂದರು.

ಪೊಲೀಸ್ ಕಥೆಗೆ ಇಲ್ಲೇನು ಕೆಲಸ ಅಂದರೆ, ಅರ್ಥಶಾಸ್ತ್ರದ ಎರಡನೇ ಅಧಿಕರಣದಲ್ಲಿ ನಾಗರಿಕ ಅನ್ನುವ ಅಧಿಕಾರಿ ಬರುತ್ತಾನೆ. ಪಟ್ಟಣದ ಹೊಣೆ ಅವನದು. ಅವನ ಕೆಳಗೆ ಸ್ಥಾನಿಕರು, ಅವರ ಕೆಳಗೆ ಗೋಪರು. ಗೋಪನ ಹತ್ತಿರ ಅವನ ಪಾಲಿನ ಮನೆಗಳ ಲೆಕ್ಕ ಇರಬೇಕು: ಹೆಂಗಸರು, ಗಂಡಸರು, ಜಾತಿ, ಗೋತ್ರ, ಕಸುಬು, ಆದಾಯ, ಖರ್ಚು. ಛತ್ರದವರು ಬಂದು ಇಳಿದವರ ಸುದ್ದಿ ಕೊಡಬೇಕು. ರಾತ್ರಿ ಇಷ್ಟು ಹೊತ್ತಿನ ಮೇಲೆ ವಾದ್ಯ ಊದಿದರೆ ಯಾರೂ ಓಡಾಡುವಂತಿಲ್ಲ. ಬೆಂಕಿ ಬಿದ್ದರೆ ಅಂತ ಪ್ರತಿ ಮನೆಯಲ್ಲಿ ನೀರಿನ ಗಡಿಗೆ, ಏಣಿ, ಕೊಡಲಿ, ಮೊರ, ಕೊಕ್ಕೆ ಇಟ್ಟಿರಬೇಕು.

ಇನ್ನೊಂದು ಸಾಲು ಕೇಳಿ ಮಾವ ನನ್ನನ್ನು ನಿಲ್ಲಿಸಿ ಮತ್ತೆ ಹೇಳಿಸಿದರು. ಗುಟ್ಟಾಗಿ ಗಾಯಕ್ಕೆ ಔಷಧಿ ಮಾಡಿದ ವೈದ್ಯ ಅದನ್ನು ಗೋಪನಿಗೋ ಸ್ಥಾನಿಕನಿಗೋ ತಿಳಿಸಬೇಕು. ತಿಳಿಸದಿದ್ದರೆ ಅವನೂ ತಪ್ಪಿತಸ್ಥ. "ಎಂಎಲ್‌ಸಿ!" ಅಂದರು ಮಾವ, ಅಲ್ಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ. ಆಸ್ಪತ್ರೆಗೆ ಮಚ್ಚಿನೇಟು ಬಿದ್ದವನು ಬಂದರೆ ಡ್ಯೂಟಿ ಡಾಕ್ಟರ್ ಠಾಣೆಗೆ ಮೆಮೋ ಕಳಿಸುತ್ತಾರಲ್ಲ, ಆ ಮೆಡಿಕೊ-ಲೀಗಲ್ ಕೇಸು. ಎಷ್ಟೋ ರಾತ್ರಿ ಆ ಮೆಮೋ ಹಿಡಿದು ಮಾವ ವಾರ್ಡಿಗೆ ಓಡಿದ್ದಾರೆ, ಹೇಳಿಕೆ ಬರೆದುಕೊಳ್ಳಲು.

ನನಗೆ ಗೋಪನ ಪುಸ್ತಕ ಕಾಡಿತು. ಮನೆ ಮನೆಯ ಲೆಕ್ಕ ಇಟ್ಟವನು ಜನಕ್ಕೆ ಹತ್ತಿರದವನಾ, ಅರಮನೆಯ ಕಣ್ಣಾ? 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಅಂಥ ಲೆಕ್ಕದ ಕೆಟ್ಟ ರೂಪ. ಹುಟ್ಟಿದ್ದೇ ತಪ್ಪು ಅನ್ನುವ ಹಾಗೆ ಇಡೀ ಸಮುದಾಯಗಳ ಹೆಸರು ಬರೆದುಕೊಂಡು, ಹಾಜರಿ ಹಾಕಿಸಿಕೊಂಡರು. ಅದು ಹೋಗಿದ್ದು 1952ಕ್ಕೆ. ನಮ್ಮ ರಾಜ್ಯದಲ್ಲಿ 2025ರಲ್ಲಿ ಮನೆ ಮನೆಗೆ ಪೊಲೀಸ್ ಅಂತ ಶುರು ಮಾಡಿದ್ದಾರೆ. ಬೀಟ್ ಪೊಲೀಸರು ಮನೆಗೆ ಬಂದು ಕಷ್ಟ ಕೇಳೋದು. ಒಳ್ಳೇದೇ. ಆದರೆ ಬಾಗಿಲು ತಟ್ಟಿದವನ ಕೈಯಲ್ಲಿರುವ ಪುಸ್ತಕದಲ್ಲಿ ಏನು ಬರೆಯುತ್ತಾರೆ, ಅದು ಕೊನೆಗೆ ಯಾರ ಮೇಜಿಗೆ ಹೋಗುತ್ತೆ ಅಂತ ಕೇಳುವ ಹಕ್ಕು ಮನೆಯವರಿಗೆ ಇರಬೇಕು. ಮಾವ ಒಪ್ಪಲಿಲ್ಲ. "ಮೊದ್ಲು ಬಾಗ್ಲು ತಟ್ಟಕ್ಕೆ ಜನ ಬೇಕಲ್ಲ. ಸ್ಟೇಷನ್ನಲ್ಲಿ ಇರೋ ಅರ್ಧ ಜನ ಬಂದೋಬಸ್ತು, ಇನ್ನರ್ಧ ಕೋರ್ಟು."

ಕೋರ್ಟು ಹತ್ತಿರದಲ್ಲೇ ಇತ್ತು. ಹೊರಗೆ ಟೀ ಅಂಗಡಿ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಸಾಕ್ಷಿಯಾಗಿ ಒಪ್ಪುವಂತಿಲ್ಲ ಅಂತ 1872ರ ಸಾಕ್ಷ್ಯ ಕಾಯ್ದೆ ಬರೆದಿತ್ತು. 2024ರಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲೂ ಆ ಮಾತು ಹಾಗೇ ಇದೆ. ಕಾನೂನೇ ಪೊಲೀಸರನ್ನು ಪೂರ್ತಿ ನಂಬಲಿಲ್ಲ. ಮದ್ರಾಸಿನ ಆ ಇಕ್ಕಳದ ನೆನಪು ಇದ್ದವರು ಹೇಗೆ ನಂಬುತ್ತಾರೆ? 1902–03ರ ಫ್ರೇಸರ್ ಆಯೋಗವೂ ಪೊಲೀಸ್ ದಕ್ಷವಾಗಿಲ್ಲ, ತರಬೇತಿ ಸಾಲದು, ಜನ ಅವರನ್ನು ಭ್ರಷ್ಟರು, ದಬ್ಬಾಳಿಕೆಯವರು ಅಂತ ನೋಡುತ್ತಾರೆ ಅಂತಲೇ ಬರೆಯಿತು. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏಳು ನಿರ್ದೇಶನ ಕೊಟ್ಟಿತು. ಠಾಣೆಯ ಅಧಿಕಾರಿಯನ್ನೂ ಸೇರಿಸಿ ಫೀಲ್ಡಿನಲ್ಲಿರುವವರಿಗೆ ಎರಡು ವರ್ಷ ಗಟ್ಟಿ ಅವಧಿ, ತನಿಖೆಗೂ ಬಂದೋಬಸ್ತಿಗೂ ಬೇರೆ ಬೇರೆ ಜನ, ಪೊಲೀಸರ ಮೇಲಿನ ದೂರು ಕೇಳಲು ಪ್ರಾಧಿಕಾರ. ಕೊನೆಯದು ಒಂದೇ ಊರಿನ ಕಡೆಗೆ ತಿರುಗಿದ ಬಾಗಿಲು ಅಂತ ನನ್ನ ಲೆಕ್ಕ. ಮಾವನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಎರಡು ವರ್ಷದ್ದು. ಎಸ್.ಐ.ಗಳು ವರ್ಗ ಆಗುತ್ತಲೇ ಇದ್ದರೆ ಠಾಣೆ ನಡೆಸೋದು ಅಲ್ಲಿನ ಕಾಗದಪತ್ರ ಬರೆಯುವ ರೈಟರ್ ಒಬ್ಬನೇ.

ಟೀ ಅಂಗಡಿಯಲ್ಲಿ ಕಂಕುಳಲ್ಲಿ ಫೈಲ್ ಇಟ್ಟುಕೊಂಡ ಕೋರ್ಟ್ ಡ್ಯೂಟಿ ಪಿ.ಸಿ. ಒಬ್ಬ ಮಾವನ ನಿಲುವು ನೋಡಿಯೇ, "ಯಾವ ಬ್ಯಾಚ್ ಸಾರ್?" ಅಂದ. ಮಾವ ಬ್ಯಾಚ್ ಹೇಳಿದರು. ಅವನ ಸಾಕ್ಷಿ ಬಂದಿಲ್ಲ, ಕೇಸು ಮುಂದಕ್ಕೆ ಹೋಗಿದೆ, ವಾಪಸ್ ಹೋದರೆ ರಾತ್ರಿ ಪಾಳಿ. ವಾರದ ರಜೆ ಸಿಗ್ತದಾ ಅಂತ ಮಾವ ಕೇಳಿದರು. ಪುಸ್ತಕದಲ್ಲಿ ಸಿಗ್ತದೆ ಸಾರ್ ಅಂದ ಹುಡುಗ. ಇಬ್ಬರೂ ಇನ್ನೊಂದು ಟೀ ಹೇಳಿದರು. ಚಾಮರಾಜಪುರಂ ಸ್ಟೇಷನ್ ಕಡೆ ಆಟೋ ಸಿಗೋದು ಕಷ್ಟ ಅಂತ ನಾನು ಮೊದಲೇ ಎದ್ದು ರಸ್ತೆಗೆ ಬಂದೆ.